ಕಂಠಪ್ಪನ ಪೂಲಿನ ಕಲೆ

ಸರಗೂರಿನಿಂದ ಹಿನ್ನೀರಿನ ಕಡೆಗೆ ಹೋಗುವ ರಸ್ತೆಯಲ್ಲಿ ಅಕ್ಕಪಕ್ಕ ಎರಡು ಹೋಮ್‌ಸ್ಟೇಗಳಿವೆ. ಒಂದು ಕಂಠಪ್ಪನದು, ಇನ್ನೊಂದು ಅವನ ಚಿಕ್ಕಪ್ಪನ ಮಗ ಸೋಮಶೇಖರನದು. ಎರಡರಲ್ಲೂ ಈಜುವ ಪೂಲು ಇದೆ. ಸೋಮಶೇಖರನದು ಆಕಾಶನೀಲಿ. ಕಂಠಪ್ಪನದರಲ್ಲಿ ಮಾತ್ರ ಬೋರ್‌ವೆಲ್ ನೀರಿನ ಕಬ್ಬಿಣದಂಶ ಬಿಳಿ ಪ್ಲಾಸ್ಟರಿಗೆ ಹಿಡಿದು, ನೂರು ಜನ ಎಲೆ ಅಡಿಕೆ ಹಾಕಿಕೊಂಡು ಉಗಿದು ಹೋದಂತೆ ಕಂದು ಕಲೆಗಳು.

ಆ ಶನಿವಾರ ಬೆಳಿಗ್ಗೆಯೂ ಕಂಠಪ್ಪ ಹಲ್ಲುಜ್ಜುತ್ತಾ ಕಾಂಪೌಂಡಿನ ಮೇಲೆ ಕತ್ತು ಚಾಚಿ ಪಕ್ಕದ ಪೂಲು ನೋಡಿದ. ದಿನಾ ನೋಡುತ್ತಿದ್ದ. ದಿನಾ ನೋಡಿದ ಮೇಲೆ ತಿಂಡಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಅಲ್ಲೇನು ನೋಡೋದು? ಸಾಯಂಕಾಲ ನಾಕು ಗಂಟೆಗೆ ಮಾನಂದವಾಡಿಯಿಂದ ಎರಡು ಗಾಡಿ ಜನ ಬತ್ತಾವ್ರೆ. ನಮ್ಮ ಪೂಲು ನೋಡಿ" ಎಂದಳು ಹೆಂಡತಿ ಚೈತ್ರ. "ನಿಮ್ಮ ತಮ್ಮನ್ನೇ ಒಂದು ಮಾತು ಕೇಳ್ಬಾರ್ದಾ?"

"ಅವನ್ನಾ? ಆ ನೀಲಿ ನೀರಲ್ಲಿ ಮುಳುಗಿ ಬೇಕಾದ್ರೆ ಸಾಯ್ತೀನಿ, ಅವನ್ನ ಕೇಳಕಿಲ್ಲ."

ಜಗಲಿಯ ಮೇಲೆ ಕೂತಿದ್ದ ತಾಯಿ ಪುಟ್ಟಮಲ್ಲಮ್ಮ ಬಾಯಿ ಹಾಕಿದರು. "ತಾಮ್ರದ ಚೊಂಬು ಬೆಳಗಕಿಲ್ವಾ? ಹುಣಸೇಹಣ್ಣು ಆಕಿ ಉಜ್ಜು ಕಣ್ಲಾ."

ಅರ್ಧ ಗಂಟೆ ಉಜ್ಜಿದ ಮೇಲೆ ಮೆಟ್ಟಿಲ ಹತ್ತಿರದ ನೀರು ಕದಡಿ ಸಾರಿನ ಬಣ್ಣಕ್ಕೆ ತಿರುಗಿತು. ಕಲೆ ಅಲುಗಲಿಲ್ಲ. "ಒಗ್ಗರಣೆ ಒಂದು ಬಾಕಿ" ಎಂದು ಚೈತ್ರ ಒಳಗೆ ಹೋದಳು.

ಕಂಠಪ್ಪ ಮೊಬೈಲಿಗೆ ಮೊರೆ ಹೋದ. ಯಾವನೋ ಒಬ್ಬ ವೀಡಿಯೋದಲ್ಲಿ ವಿಟಮಿನ್ ಸಿ ಮಾತ್ರೆಯನ್ನು ಕಲೆಗೆ ಒತ್ತಿ ಹಿಡಿದು ಮಾಯ ಮಾಡುತ್ತಿದ್ದ. ಚೈತ್ರಳ ನೆಗಡಿಗೆ ತಂದಿಟ್ಟಿದ್ದ ಮಾತ್ರೆ ಮನೆಯಲ್ಲೇ ಇತ್ತು. ಕಂಠಪ್ಪ ಉಸಿರು ಬಿಗಿಹಿಡಿದು ಮುಳುಗಿ, ಒಂದನ್ನು ಕಲೆಗೆ ಒತ್ತಿ ಮೂವತ್ತು ಎಣಿಸಿದ. ಕೈ ತೆಗೆದರೆ ಅಲ್ಲಿ ಹುಣ್ಣಿಮೆ ಚಂದ್ರನಂತೆ ಒಂದು ಬಿಳಿ ಚುಕ್ಕೆ!

ಒದ್ದೆ ಲುಂಗಿಯಲ್ಲೇ ಬೈಕು ಹತ್ತಿ ಸರಗೂರಿಗೆ ಹೋದ. ಮೆಡಿಕಲ್ ಅಂಗಡಿಯ ಪುಟ್ಟಸ್ವಾಮಿ ಕನ್ನಡಕ ಏರಿಸಿದ.

"ಇರೋ ವಿಟಮಿನ್ ಸಿ ಎಲ್ಲಾ ಕೊಡಬೇಕಾ? ಯಾರ್‌ಗೆ ಏನಾಯ್ತು ಕಂಠಪ್ಪಾರೆ?"

ನಿಜ ಹೇಳಿದರೆ ತಾನು ಮನೆ ಮುಟ್ಟುವುದರೊಳಗೆ ಸುದ್ದಿ ಸೋಮಶೇಖರನ ಕಿವಿ ಮುಟ್ಟುತ್ತದೆ. ಕಂಠಪ್ಪ ಗಂಟಲು ಸರಿಮಾಡಿಕೊಂಡ. "ಗೆಸ್ಟುಗಳಿಗೆ... ಒಸಿ ನೆಗಡಿ."

"ಎಷ್ಟು ಜನಕ್ಕೆ?"

"ಎಲ್ಲಾರ್‌ಗೂವೆ."

ಪುಟ್ಟಸ್ವಾಮಿ ಎರಡು ಹೆಜ್ಜೆ ಹಿಂದೆ ಸರಿದು, ಡ್ರಾಯರಿನಿಂದ ಹಳೇ ಮಾಸ್ಕ್ ತೆಗೆದು ಹಾಕಿಕೊಂಡ.

ಮನೆಯಲ್ಲಿ ಮಾತ್ರೆಗಳೆಲ್ಲ ಮಿಕ್ಸಿಗೆ ಬಿದ್ದವು. ಅಡುಗೆಮನೆ ತುಂಬ ಕಿತ್ತಳೆ ಪೆಪ್ಪರ್‌ಮೆಂಟಿನ ವಾಸನೆ. ಪುಡಿಯನ್ನು ಪೂಲಿನೊಳಗೆ ಸುತ್ತಲೂ ಉದುರಿಸಿ, ಉದ್ದ ಕೋಲಿನ ಬ್ರಷ್ಷಿನಿಂದ ತಿಕ್ಕುತ್ತಾ ಹೋದ. ಗಂಟೆ ಎರಡಾಯಿತು, ಮೂರಾಯಿತು. ಕಲೆಗಳು ಒಂದೊಂದಾಗಿ ಕರಗಿದವು. ಮೂರೂವರೆಗೆ ಪೂಲು ಮದುಮಗಳಂತೆ ಬೆಳ್ಳಗೆ ನಗುತ್ತಿತ್ತು. ಕಂಠಪ್ಪನಿಗೆ ಎಷ್ಟು ಹಿಗ್ಗಾಯಿತೆಂದರೆ, ಸೋಮಶೇಖರ ಒಮ್ಮೆ ಕಾಂಪೌಂಡಿನಿಂದ ಇಣುಕಲಿ ಎಂದು ಬೇಕೆಂದೇ ಜೋರಾಗಿ ಕೆಮ್ಮಿದ.

ಕೆಮ್ಮು ಕೇಳಿಸಿದ್ದು ಗೇಟಿನ ಬಳಿ ಸ್ಕೂಟರ್ ನಿಲ್ಲಿಸುತ್ತಿದ್ದ ಆಶಾ ಕಾರ್ಯಕರ್ತೆ ಗೌತಮಿಗೆ. ಹಿಂದೆ ಬ್ಲೀಚಿಂಗ್ ಪೌಡರಿನ ಬಕೆಟ್ ಹಿಡಿದು ಒಬ್ಬ ಕೆಲಸದವನಿದ್ದ.

"ನೋಡಿದ್ರಾ, ನಿಮ್ಗೂ ಅಂಟ್‌ಕಂಡದೆ! ಇಲ್ಲಿ ಹದಿನೆಂಟು ಜನಕ್ಕೆ ವಿಷಮಜ್ವರ ಅಂತ ಸರಗೂರೆಲ್ಲ ಮಾತಾಡ್ತಾವ್ರೆ. ರೋಗಿಗಳು ಎಲ್ಲವ್ರೆ?"

"ಅವ್ರು... ಗುಣ ಆಗಿ ಹೊಂಟೋದ್ರು."

"ಇದೇ ನೀರಲ್ಲಿ ಈಜಿದ್ರಾ?"

ಅಷ್ಟರಲ್ಲಿ ಕಾಂಪೌಂಡಿನ ಮೇಲೆ ಸೋಮಶೇಖರನ ತಲೆ ಮೂಡಿತು. ಯಾರಿಗೂ ಜ್ವರವಿಲ್ಲ, ಕಲೆ ತೆಗೆಯಲು ಮಾತ್ರೆ ತಂದೆ ಎಂದು ಹೇಳಿದ್ದರೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆ ತಲೆಯ ಎದುರು ಕಂಠಪ್ಪನ ನಾಲಿಗೆ ಹೊರಳಲಿಲ್ಲ.

"ಹೂಂ, ಈಜಿದ್ರು" ಎಂದ.

"ಹಾಕಪ್ಪ" ಎಂದಳು ಗೌತಮಿ. ಬಕೆಟ್ಟಿನ ಪುಡಿಯಷ್ಟೂ ಪೂಲಿಗೆ ಬಿತ್ತು.

ಕರಗಿ ನೀರಿನಲ್ಲೇ ಅಡಗಿದ್ದ ಕಬ್ಬಿಣಕ್ಕೆ ಕ್ಲೋರಿನ್ ತಗುಲಿತು. ನೀರು ಮೊದಲು ಟೀ ಆಯಿತು, ಆಮೇಲೆ ಕಷಾಯವಾಯಿತು. ಕಂಠಪ್ಪ ನೋಡುನೋಡುತ್ತಿದ್ದಂತೆ ಕಂದು ಬಣ್ಣ ಮೆಟ್ಟಿಲು, ಗೋಡೆ, ತಳ ಎಲ್ಲವನ್ನೂ ಅಪ್ಪಿಕೊಂಡಿತು. ಬೆಳಿಗ್ಗೆ ಕಲೆಗಳ ನಡುವೆ ಅಲ್ಲಲ್ಲಿ ಬಿಳಿ ಇತ್ತು. ಈಗ ಅದೂ ಇಲ್ಲ.

ನಾಲ್ಕಕ್ಕೆ ಸರಿಯಾಗಿ ಮಾನಂದವಾಡಿಯ ಗಾಡಿಗಳು ಬಂದವು. ಗೌತಮಿ ಗೇಟಿನಲ್ಲೇ ತಡೆದು ಜ್ವರದ ವಿಷಯ ಹೇಳಿದಳು. ಗಾಡಿಗಳು ಹಿಂದಕ್ಕೆ ಸರಿದು, ತಿರುಗಿ, ಪಕ್ಕದ ಗೇಟಿನೊಳಗೆ ಹೋದವು. ಸ್ವಲ್ಪ ಹೊತ್ತಿಗೆ ನೀಲಿ ನೀರಿಗೆ ಮಕ್ಕಳು ಧುಮುಕುವ ಸದ್ದು ಕೇಳಿಸಿತು.

ಕಂಠಪ್ಪ ಪೂಲಿನ ದಂಡೆಯಲ್ಲಿ ಕುಕ್ಕರಿಸಿದ. ಸೋಮಶೇಖರ ಮೂಗಿಗೆ ಟವಲು ಕಟ್ಟಿಕೊಂಡು ಬಂದು ದೂರ ನಿಂತ. ಗಾಳಿಯಲ್ಲಿನ ಕಿತ್ತಳೆ ವಾಸನೆ ಮೂಸಿ, ಕಂದು ನೀರು ನೋಡಿ, ಟವಲು ಬಿಚ್ಚಿದ.

"ಜ್ವರ ಅಲ್ಲ ಇದು. ಕಬ್ಬಿಣದ ಕಲೆಗೆ ಮಾತ್ರೆ ಹಾಕಿದ್ಯಲ್ವಾ ಕಂಠಣ್ಣ? ನಂಗೂ ಇದೇ ಕಲೆ ಬಂದಿತ್ತು ಕಣಣ್ಣ. ಹುಣಸೂರ್‌ವರ್ಗೂ ಹೋಗಿ, ಜ್ಯೂಸ್ ಅಂಗಡಿಗೆ ಅಂತ ಸುಳ್ಳೇಳಿ ಮಾತ್ರೆ ತಂದೆ."

"ಅಷ್ಟು ದೂರ ಯಾಕ್ಲಾ?"

"ಸರಗೂರಲ್ಲಿ ತಗಂಡ್ರೆ ನಿಂಗೆ ಗೊತ್ತಾಗ್ಬುಡ್ತದಲ್ಲ! ನೀನು ಹೊಸ್‌ದಾಗಿ ಪೂಲು ಕಟ್ಸಿದಾಗ ಎಂಥಾ ಬೆಳ್ಳಗಿತ್ತು! ಕಾಂಪೌಂಡ್ ಮೇಲಿಂದ ದಿನಾ ನೋಡೋನು. ಹೊಟ್ಟೆ ಉರಿದೋಗೋದು ಕಣಣ್ಣ. ಮೂರು ತಿಂಗಳು ನೆಟ್ಟಗೆ ಅನ್ನ ಸೇರ್ನಿಲ್ಲ."

ಇಡೀ ದಿನದಲ್ಲಿ ಮೊದಲ ಸಲ ಕಂಠಪ್ಪನ ಮುಖ ಅರಳಿತು. ತನ್ನನ್ನು ನೋಡಿಯೂ ಒಬ್ಬ ಕರುಬಿದ್ದನಲ್ಲ! ಅವನು ಆಸೆಯಿಂದ ಕತ್ತೆತ್ತಿದ.

"ಈಗ್ಲೂ ಉರೀತದಾ ಸೋಮು?"

ಸೋಮಶೇಖರ ಕಷಾಯದಂಥ ನೀರನ್ನು ಈ ದಂಡೆಯಿಂದ ಆ ದಂಡೆಯವರೆಗೆ ನಿಧಾನವಾಗಿ ನೋಡಿದ.

"ಇಲ್ಲ ಬುಡಣ್ಣ," ಎಂದ. "ಈಗ ತಣ್ಣಗದೆ."