ಬಲಗಡೆ ಮುಚ್ಚಳದ ದಿಗ್ವಿಜಯ

ಕೇಳಿರಿ, ಉಗುರಿನ ಸಂದಿಯಲ್ಲಿ ಗ್ರೀಸು ತುಂಬಿಕೊಂಡವರೇ, ತುಂಬಿಕೊಂಡೀತೆಂದು ಹೆದರಿ ದೂರ ನಿಂತವರೇ! ಓ ಸೀಮೆಎಣ್ಣೆಯ ಅಧಿದೇವತೆಯೇ, ಜಿಡ್ಡುಮರ್ದಿನಿಯೇ, ಈ ಕಥೆ ಮುಗಿಯುವ ತನಕ ನನ್ನ ನಾಲಗೆಯ ಮೇಲೆ ತೆಳ್ಳಗೆ ಹರಿದಾಡು. ಬೆಂಕಿಯಿಂದ ಮಾತ್ರ ದೂರವಿರು.

ಗುಂಡಿ ಒತ್ತಿದೊಡನೆ ಹೊರಡುವ ವಾಹನಗಳು ಭೂಮಂಡಲವನ್ನೆಲ್ಲ ಆವರಿಸಿ, ಕಿಕ್ ಹೊಡೆಯುವ ಕಾಲ್ಬಲವು ಮನುಕುಲದಿಂದ ಮೆಲ್ಲಮೆಲ್ಲನೆ ಸೋರಿಹೋಗುತ್ತಿದ್ದ ಕಲಿಯುಗದ ಆ ಕಾಲಖಂಡದಲ್ಲಿ, ತುಂಗಭದ್ರಾತೀರವಿರಾಜಿತವಾದ ಹರಿಹರವೆಂಬ ಪುರದಲ್ಲಿ, ಮನೆಯಳಿಯನಾಗಿ ನೆಲೆಸಿ, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಾಗಿ ಮೆರೆಯುತ್ತಿದ್ದವನು ನಮ್ಮ ಕಥಾನಾಯಕ, ಪೆನ್ಸಿಲ್‌ಚೂಪಕಾರಿ, ರಬ್ಬರ್‌ಪುಡಿಧೂಸರಿತವಕ್ಷ, ಮಹಾಶೂರ ತೋಂಟದಾರ್ಯನು. ಈತನಿಗೆ ಲೋಕದಲ್ಲಿ ಒಂದೇ ಒಂದು ಆಸೆಯಿತ್ತು. ಅದು ಸ್ವರ್ಗಸ್ಥನಾದ ಮಾವ ಮುರುಗೇಂದ್ರಪ್ಪನ ಎರಡು ಸೈಲೆನ್ಸರಿನ ಹಳೇ ಮೋಟಾರ್ ಬೈಕು. ಮದುವೆಯಾದ ಹೊಸದರಲ್ಲಿ ಮಾವ ಒಂದು ಸಲ ಅದರ ಹಿಂದೆ ಕೂರಿಸಿಕೊಂಡು ಸೇತುವೆಯವರೆಗೆ ಹೋಗಿ ಬಂದಿದ್ದನು. ಆ ಗಾಳಿಯನ್ನು ತೋಂಟದಾರ್ಯ ಮರೆತಿರಲಿಲ್ಲ. ಹೆಂಡತಿಗೂ ಹೇಳದೆ, ಆ ಬೈಕಿನ ಮೇಲೆ ಅವನು ಜೀವ ಇಟ್ಟುಕೊಂಡಿದ್ದನು.

ಆದರೆ ಆಸೆಪಟ್ಟವನು ಅವನೊಬ್ಬನೇ ಆಗಿದ್ದರೆ ಈ ಕಥೆಯೇ ಬೇಕಿರಲಿಲ್ಲ. ಮುರುಗೇಂದ್ರಪ್ಪನ ಮಗನೂ ತೋಂಟದಾರ್ಯನ ಭಾವಮೈದುನನೂ ಆದ, ರೆಡಿಮೇಡ್ ಬಟ್ಟೆ ಅಂಗಡಿಯ ಗಲ್ಲಾಸಿಂಹಾಸನಾಧೀಶ್ವರ, ಟೇಪುಹಾರಭೂಷಿತಕಂಠ ಸದ್ಯೋಜಾತಪ್ಪನೂ "ಅಪ್ಪನ ಗಾಡಿ ನಂದೇ" ಎಂದು ಮೀಸೆ ತಿರುವಿದನು. ಇಬ್ಬರ ನಡುವೆ ಮಾತಿಗೆ ಮಾತು ಬೆಳೆದು ಹಟ್ಟಿಯಲ್ಲಿ ಕಟ್ಟಿದ್ದ ಎಮ್ಮೆ ಮೇವು ಬಿಟ್ಟು ನೋಡುತ್ತ ನಿಂತಿತು. ಆಗ ಮನೆಯ ಸಾರ್ವಭೌಮೆ, ಅತ್ತೆಯೂ ತಾಯಿಯೂ ಆದ ಹಾಲಮ್ಮನವರು ಒಳಗಿನಿಂದ ಬಂದು ತೀರ್ಪಿತ್ತರು.

"ಕಿತ್ತಾಡಬ್ಯಾಡ್ರಿ. ಅದರ ಇಂಜಿನ್ನಿಗೆ ಆ ಕಡೆಗೊಂದು ಈ ಕಡೆಗೊಂದು ಅಲ್ಯುಮಿನಿಯಂ ಮುಚ್ಚಳ ಐತಲ್ಲ, ಒಬ್ಬೊಬ್ರು ಒಂದೊಂದು ತಗಂಡು ಚೊಕ್ಕ ಮಾಡ್ರಿ. ಯಾರ್ದು ನನ್ನ ಮನಸ್ಸಿಗೆ ಬರ್ತೈತೋ ಗಾಡಿ ಅವ್ರದ್ದು. ಆಯುಧಪೂಜೆ ದಿನ ಅವ್ರು ಅದ್ರ ಮ್ಯಾಲೆ ನನ್ನನ್ನ ಗುಡಿಗೆ ಕರ್ಕಂಡು ಹೋಗ್ಬೇಕು. ಅವತ್ತು ಮಧ್ಯಾಹ್ನದೊಳಗೆ ಅದು ಸ್ಟಾರ್ಟಾಗಿ ಏಳಲಿಲ್ಲ ಅಂದ್ರೆ, ಮಾರನೇ ದಿನ ಗುಜರಿಯವ್ನು ಬರ್ತಾನೆ. ಇಬ್ರಿಗೂ ಇಲ್ಲ."

ಗುಜರಿ ಎಂಬ ಆ ಮೂರಕ್ಷರ ಕೇಳಿ ತೋಂಟದಾರ್ಯನು ಎರಡು ಹೆಜ್ಜೆ ಹಿಂದೆ ಸರಿದನು. ಆದರೂ ಬಲಗಡೆಯ ಮುಚ್ಚಳವನ್ನು ಬಿಚ್ಚಿ ಎದೆಗವಚಿಕೊಂಡು ಅವನು ಸಿಂಹಗರ್ಜನೆಗೈದನು: "ಎಲವೋ ಗಲ್ಲಾಧೀಶ್ವರ! ವರ್ಷಾನುವರ್ಷದ ಧೂಳೂ ಎಣ್ಣೆಯೂ ಸೇರಿ ಹೆಪ್ಪುಗಟ್ಟಿದ ಈ ಕೃಷ್ಣಪಕ್ಷವನ್ನು ಭೇದಿಸಿ, ಇದರೊಳಗಿನ ಪೂರ್ಣಚಂದ್ರನನ್ನು ಹೊರಗೆಳೆಯದಿದ್ದರೆ ನಾನು ಬ್ರಷ್ಷು ಹಿಡಿದವನೇ ಅಲ್ಲ!" ಕವಿಗಳು ಹೀಗೆ ಬರೆಯಬೇಕು, ಬರೆದಿದ್ದೇನೆ. ಅವನು ಅಂದದ್ದು ಇಷ್ಟೇ: "ನೋಡ್ತಿರು, ಕನ್ನಡಿ ಮಾಡ್ತೀನಿ."

ಸದ್ಯೋಜಾತಪ್ಪನು ಎಡಗಡೆಯ ಮುಚ್ಚಳವನ್ನು ಕಂಕುಳಲ್ಲಿಟ್ಟುಕೊಂಡು ನಕ್ಕನು. "ಭಾವ, ನೀವು ತಿಕ್ಕಿ ತಿಕ್ಕಿ ಸಾಯ್ತೀರಿ. ನಾನು ಒಂದು ಡಬ್ಬಿ ಸಿಲ್ವರ್ ಪೇಂಟ್ ತರ್ತೀನಿ. ಮುಗೀತಲ್ಲ?"

ಆಹಾ, ಇಂತಹ ಮಾತು ಕೇಳಿಯೂ ಆಕಾಶ ಬಿರಿಯಲಿಲ್ಲ! ಒರಿಜಿನಲ್ ಲೋಹಕ್ಕೆ ಬಣ್ಣ ಬಳಿಯುವ ಪಾಪ ಯಾವ ನರಕಕ್ಕೆ ಒಯ್ಯುತ್ತದೆಯೋ ನನಗೆ ತಿಳಿಯದು, ಆದರೆ ಅಲ್ಲಿ ಜನ ಬಹಳ ಇರುತ್ತಾರೆಂಬುದು ಖಂಡಿತ.

ಇತ್ತ ಹಿತ್ತಲ ರಣಭೂಮಿಯಲ್ಲಿ ತೋಂಟದಾರ್ಯನು ಲುಂಗಿಯನ್ನು ಮೇಲಕ್ಕೆತ್ತಿ ಕಟ್ಟಿ ಕುಳಿತನು. ಮೊದಲು ಸೀಮೆಎಣ್ಣೆಯ ಮಹಾಮಜ್ಜನ. ಹಳೇ ಟೂತ್‌ಬ್ರಷ್ಷೆಂಬ ಶಸ್ತ್ರವು ಮೂಲೆಮೂಲೆಯ ಜಿಡ್ಡಿನ ಕೋಟೆಗಳನ್ನು ಕೆಡವಲು, ಕಪ್ಪು ರಕ್ತವು ಬಚ್ಚಲ ಕಾಲುವೆಯಲ್ಲಿ ಹರಿಯಿತು. ಜಿಡ್ಡು ಹೋದ ಮೇಲೆ ಬೆಳ್ಳಗೆ ಬೂದಿಯಂತೆ ಕವಿದ ಕಲೆಗಳು ತಲೆಯೆತ್ತಿದವು. ಅವುಗಳ ಮೇಲೆ ಅವನು ಹುಣಸೆಹುಳಿಯನ್ನು ಪ್ರಯೋಗಿಸಿದನು. ಅದು ಅಂದಿನ ಸಾರಿಗೆಂದು ಹೆಂಡತಿ ಕೊಟ್ರಮ್ಮ ನೆನೆಹಾಕಿದ್ದ ಹುಣಸೆಹಣ್ಣಾಗಿತ್ತು.

"ಸಾರಿಗೇನು ಸೀಮೆಎಣ್ಣೆ ಹಾಕ್ಲಾ?" ಎಂದು ಅಡುಗೆಮನೆಯಿಂದ ಬಂದ ಬಾಣವನ್ನು ವೀರನು ಬೆನ್ನಿನ ಮೇಲೆಯೇ ತಾಳಿಕೊಂಡನು.

ಬಳಿಕ ಉಪ್ಪುಕಾಗದದ ಯುದ್ಧ. ಮೊದಲು ಒರಟಿನದು, ಆಮೇಲೆ ನಯದ್ದು, ಕೊನೆಗೆ ನೀರಿನಲ್ಲಿ ಅದ್ದಿ ಉಜ್ಜುವ ಅತಿನಯದ್ದು. ಒಂದು ಕಾಗದ ಬಿಟ್ಟುಹೋದ ಗೀರನ್ನು ಇನ್ನೊಂದು ಅಳಿಸಬೇಕು. ಅದು ಬಿಟ್ಟ ಗೀರನ್ನು ಮಗದೊಂದು. ಮುಗಿಯಿತು ಎನ್ನುವಾಗ ಬಿಸಿಲಿಗೆ ಹಿಡಿದರೆ, ಮೊದಲ ಕಾಗದದ ಗೀರೊಂದು ನಡುಮಧ್ಯೆ ನಿಂತು ಹಲ್ಲು ಕಿರಿಯುತ್ತದೆ. ಮತ್ತೆ ಮೊದಲಿಂದ! ಹೆಬ್ಬೆರಳ ಚರ್ಮ ಸುಲಿಯಿತು, ಸೊಂಟ ಹಿಡಿಯಿತು. ಕಡೆಗೆ ಪಾಲಿಶ್ ಪೇಸ್ಟು ಹಚ್ಚಿ ಹಳೇ ಬನಿಯನ್ನಿನಿಂದ ತಿಕ್ಕುತ್ತ ತಿಕ್ಕುತ್ತ, ಹಬ್ಬದ ಬೆಳಗಿನಲ್ಲಿ ಆ ಮುಚ್ಚಳದೊಳಗಿಂದ ಒಂದು ಮುಖ ಹೊರಗೆ ಇಣುಕಿತು. ಮೂಗು ಸ್ವಲ್ಪ ಅಗಲವಾಗಿತ್ತು, ಆದರೆ ತನ್ನದೇ. ತೋಂಟದಾರ್ಯನ ಕಣ್ಣು ತುಂಬಿ ಬಂತು.

ಇನ್ನೇನು, ಸ್ಕ್ರೂ ಬಿಗಿದು ಕಿಕ್ ಹೊಡೆಯುವುದೊಂದೇ ಬಾಕಿ. ಅವನು ಟೂಲ್ ಬಾಕ್ಸಿಗೆ ಕೈ ಹಾಕಿದನು. ಖಾಲಿ.

ಆಗಿದ್ದೇನೆಂದರೆ, ಕುಟಿಲಮತಿ ಸದ್ಯೋಜಾತಪ್ಪನು ಅಂದು ಬೆಳಗ್ಗೆ ತಾಯಿಯ ಬಳಿಗೆ ಹೋಗಿ, "ಅವ್ವಾ, ಪೂಜೆಗೆ ಒಂದೂ ಬಿಡಬಾರ್ದು ನೋಡು" ಎಂದು ಭಕ್ತಿಯಿಂದ ಮನೆಯ ಸ್ಪ್ಯಾನರು, ಸ್ಕ್ರೂಡ್ರೈವರು, ಕಟಿಂಗ್ ಪ್ಲೇಯರುಗಳನ್ನೆಲ್ಲ ಒಪ್ಪಿಸಿದ್ದನು. ಹಾಲಮ್ಮನವರು ಅವನ್ನು ದೊಡ್ಡ ಹಿತ್ತಾಳೆ ತಟ್ಟೆಯಲ್ಲಿ ಸಾಲಾಗಿ ಜೋಡಿಸಿ, ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವು ಏರಿಸಿಬಿಟ್ಟಿದ್ದರು. ಪೂಜೆಗಿಟ್ಟ ಆಯುಧವನ್ನು ಮರುದಿನ ಇಳಿಸುವ ತನಕ ಯಾರೂ ಮುಟ್ಟುವಂತಿಲ್ಲ.

"ಅತ್ತೇರೇ, ಒಂದೇ ಒಂದು ಸ್ಕ್ರೂಡ್ರೈವರು. ಕುಂಕುಮ ಅಳಿಸಲ್ಲ."

"ಮುಟ್ರಿ ನೋಡಾನ," ಎಂದರು ಹಾಲಮ್ಮನವರು.

ಈಳಿಗೆ? ಪೂಜೆಗಿದೆ. ಕತ್ತರಿ? ಪೂಜೆಗಿದೆ. ಸೌಟಿನ ಹಿಡಿಯಿಂದ ತಿರುಗಿಸಿದರೆ ಸೌಟು ಬಗ್ಗಿತು, ಸ್ಕ್ರೂ ಬಗ್ಗಲಿಲ್ಲ. ತೋಂಟದಾರ್ಯನು ಬರಿಗಾಲಲ್ಲಿ ಬೀದಿಗೆ ಓಡಿದನು. ಗ್ಯಾರೇಜಿನ ಮುಂದೆ ಬೂದುಗುಂಬಳಕಾಯಿ ಒಡೆದಿತ್ತು, ಪಾನಾಗಳು ಹಾರ ಹಾಕಿಕೊಂಡು ಕುಳಿತಿದ್ದವು. ಸೈಕಲ್ ಶಾಪಿನಲ್ಲೂ ಅದೇ, ಬಡಗಿಯ ಮನೆಯಲ್ಲೂ ಅದೇ. ಮೂರು ಲೋಕದ ಶಸ್ತ್ರಾಗಾರಗಳೂ ಒಂದೇ ದಿನ ರಜೆ ಹಾಕಿದ್ದವು. ಬೆವರು ಒರೆಸುತ್ತ ಮರಳಿ ಬಂದರೆ, ಬೈಕಿನ ಪಕ್ಕದಲ್ಲಿ ಸದ್ಯೋಜಾತಪ್ಪನು ಬಣ್ಣ ಬಳಿದ ಮುಚ್ಚಳ ಹಿಡಿದು ಕಲ್ಲಾಗಿ ನಿಂತಿದ್ದನು.

"ಭಾವ," ಎಂದನು ಅವನು ಮೆಲ್ಲಗೆ, "ನಂದನ್ನೂ ಕೂರಿಸ್ಬೇಕಿತ್ತಲ್ಲ."

ಶತ್ರುವಿಗೆ ತೋಡಿದ ಗುಂಡಿಯೊಳಗೆ ತಾನೂ ಇಳಿದು ಅಳತೆ ನೋಡುತ್ತ ನಿಂತಿದ್ದವನನ್ನು ಕಂಡು ತೋಂಟದಾರ್ಯನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮಧ್ಯಾಹ್ನ ಹತ್ತಿರವಾಗುತ್ತಿತ್ತು. ನಾಳೆ ಗುಜರಿ. ಇಬ್ಬರು ವೀರರೂ ಒಂದೊಂದು ಮುಚ್ಚಳ ತೊಡೆಯ ಮೇಲಿಟ್ಟುಕೊಂಡು ಜಗುಲಿಯಲ್ಲಿ ಕುಳಿತರು.

ಹಾಲಮ್ಮನವರು ಹೊಸ ಇಳಕಲ್ ಸೀರೆಯುಟ್ಟು ಹೊರಬಂದರು. ಮೊದಲು ಮಗನ ಮುಚ್ಚಳವನ್ನು ಮುಟ್ಟಿದರು. ಬೆರಳು ಅಂಟಿಕೊಂಡಿತು. ಎಳೆದುಕೊಂಡರೆ ಹೆಬ್ಬೆರಳು ಬೆಳ್ಳಿಯದಾಗಿತ್ತು. ಅದನ್ನು ಮಗನ ಅಂಗಿಗೇ ಒರೆಸಿದರು. ಆಮೇಲೆ ಅಳಿಯನದನ್ನು ಎತ್ತಿಕೊಂಡು, ಅದರಲ್ಲಿ ಮುಖ ನೋಡಿ, ಹಣೆಯ ವಿಭೂತಿ ಸರಿಮಾಡಿಕೊಂಡರು.

"ಭಾಳ ಚೆಂದಾಗೈತೆ ಅಳಿಯಂದ್ರೇ," ಎಂದರು. ತೋಂಟದಾರ್ಯನ ಬೆನ್ನು ತಾನಾಗಿ ನೆಟ್ಟಗಾಯಿತು.

"ಆದ್ರೆ ಗಾಡಿ ಎದ್ದಿಲ್ಲ ಅತ್ತೇರೇ."

"ಏಳ್ದಿದ್ರೆ ಏನಾತು? ಗುಡಿ ಇಲ್ಲೇ ಮೂಲೆಮನಿ ಪಕ್ಕ ಐತೆ. ಹಣ್ಣುಕಾಯಿ ತಟ್ಟೆ ಆಯುಧದ ಕೆಳಗೆ ಕೂತೈತೆ, ಅದನ್ನ ಎಳೆಯಂಗಿಲ್ಲ. ಕೊಡ್ರಿ ಇತ್ಲಾಗೆ."

ಹಾಗೆಂದು ಆ ಮಹಾಪ್ರಭಾಮಂಡಲಮಂಡಿತವಾದ ಮುಚ್ಚಳವನ್ನು ಅಂಗಾತ ಮಾಡಿ, ಅದರ ಗುಳಿಯೊಳಗೆ ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ ಇಟ್ಟರು. ಸ್ಕ್ರೂ ತೂತಿನಲ್ಲಿ ಊದಿನಕಡ್ಡಿ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಹಾಲಮ್ಮನವರು ಮುಂದೆ, ಇಬ್ಬರು ಯೋಧರು ಹಿಂದೆ, ಮೆರವಣಿಗೆ ಗುಡಿ ಮುಟ್ಟಿ ಹಿಂತಿರುಗಿತು. ಕಡ್ಡಿ ಅರ್ಧವೂ ಉರಿದಿರಲಿಲ್ಲ.

ಜಗುಲಿಯಲ್ಲಿ ನಿಂತು ಸಾರ್ವಭೌಮೆಯು ಅಂತಿಮ ತೀರ್ಪು ನುಡಿದರು: "ಗುಡಿಗೆ ನನ್ನ ಜೊತೆ ಬಂದಿದ್ದು ಅಳಿಯಂದ್ರ ಮುಚ್ಚಳ. ಗಾಡಿ ಅವ್ರಿಗೇ. ಗುಜರಿಯವ್ನಿಗೆ ಬರಬ್ಯಾಡ ಅಂತ ಹೇಳು ಸದ್ಯೋಜಾತ."

ತೋಂಟದಾರ್ಯನು ಸಾಷ್ಟಾಂಗವೆರಗಿದನು. ಎದ್ದು, ವಿನಯದಿಂದ ಮುಚ್ಚಳಕ್ಕೆ ಕೈ ಚಾಚಿದನು.

"ಇದು ನನಗಿರ್ಲಿ," ಎಂದರು ಹಾಲಮ್ಮನವರು, ಅದನ್ನು ಸೆರಗಿನಿಂದ ಒರೆಸುತ್ತ ದೇವರಮನೆಯ ಕಡೆ ನಡೆಯುತ್ತ. "ಹಣ್ಣುಕಾಯಿಗೆ ಭಾಳ ಚೆಂದ ಐತೆ."

ಹೀಗೆ ಗೆದ್ದ ವೀರನು, ಗೆಲ್ಲಿಸಿದ ಮುಚ್ಚಳವೊಂದನ್ನು ಬಿಟ್ಟು ಉಳಿದ ಬೈಕನ್ನೆಲ್ಲ ಪಡೆದವನಾಗಿ, ಬಾಯಿ ತೆರೆದುಕೊಂಡೇ ನಿಂತಿರಲು, ಕೊಟ್ರಮ್ಮ ಹೊರಗೆ ಬಂದು ಗಂಡನ ಮುಖ ನೋಡಿದಳು.

"ಅಂಥದ್ದು ಇನ್ನೊಂದು ಗುಜರೀಲಿ ಸಿಗ್ತೈತೆ ಬಿಡ್ರಿ. ಒಳಗೆ ಬರ್ರಿ, ಹೋಳಿಗೆ ಆರ್ತಾವೆ."