ಅಂಬಪ್ಪನ ಇಪ್ಪತ್ತಮೂರು ಗಂಟು

ಅಂಬಪ್ಪ ನೇಯ್ದ ಸೀರೆಯಲ್ಲಿದ್ದ ಗಂಟುಗಳು ಇಪ್ಪತ್ತಮೂರು ಎಂದು ಮಸ್ಕಿಯವರು ಹೇಳುತ್ತಾರೆ. ಲಿಂಗಸುಗೂರಿನವರು ನಲವತ್ತರವರೆಗೆ ಏರಿಸುತ್ತಾರೆ. ಉಳಿದ ಕತೆಯಲ್ಲಿ ಎರಡೂ ಊರಿನವರಿಗೆ ತಕರಾರಿಲ್ಲ.

ನಿಜಾಮರ ರಾಜ್ಯದಲ್ಲಿ ನೇಕಾರರಿಗೆ ನೂಲನ್ನೂ ರೇಷನ್ ಚೀಟಿಯ ಮೇಲೆ ಅಳೆದು ಕೊಡುತ್ತಿದ್ದ ಕಾಲ. ಕೆಲವರು ಚೀಟಿಯ ನೂಲನ್ನು ಕದ್ದು ಮಾರಿ, ಗಿರಣಿಯ ಬಟ್ಟೆಯನ್ನೇ ತಾವು ನೇಯ್ದದ್ದೆಂದು ತೋರಿಸುತ್ತಿದ್ದರು. ಅದರ ತಪಾಸಣೆಗೆ ಲಿಂಗಸುಗೂರಿನಿಂದ ಸಾಹೇಬರು ಮಸ್ಕಿಗೆ ಬರುವವರಿದ್ದರು. ಕೈಯಿಂದ ನೇಯ್ದದ್ದನ್ನು ತೋರಿಸಿದವನಿಗಷ್ಟೇ ಚೀಟಿ ಉಳಿಯುತ್ತಿತ್ತು. ಅಂಬಪ್ಪನ ಮಗ್ಗವೋ ನೂಲಿಲ್ಲದೆ, ಹಲ್ಲುದುರಿದ ಬಾಯಂತೆ ನಿಂತಿತ್ತು. ತೋರಿಸಲು ಉಳಿದಿದ್ದದ್ದು ಆ ಒಂದೇ ಸೀರೆ.

ಸಾಹೇಬರು ಬರುವ ದಿನ ಮುಂಜಾನೆ ಅದನ್ನು ಬಿಸಿಲಿಗೆ ಹರವಿದ್ದೇ ತಪ್ಪಾಯಿತು. ನೆರೆಮನೆಯ ಮುದುಕಮ್ಮ ಬಗ್ಗಿ ನೋಡಿದಳು.

“ಏ ಅಂಬಣ್ಣ, ಸೀರಿಗೆ ಸಿಡುಬು ಎದ್ದೈತಲ್ಲೋ! ಇದನ್ನ ಸಾಹೇಬರಿಗೆ ತೋರಸ್ತೀ?”

“ನೂಲು ಹರದಲ್ಲಿ ಗಂಟು ಹಾಕಬೇಕಲ್ಲಬೇ ಯವ್ವಾ.”

“ಓಣಿ ಮಾನ ಕಳೀಬ್ಯಾಡ. ತಾ ಇಲ್ಲಿ ಸೂಜಿ!”

ಮುದುಕಮ್ಮ ಒಂದೊಂದೇ ಗಂಟನ್ನು ಹೇನು ಹೆಕ್ಕಿದಂತೆ ಹೆಕ್ಕಿದಳು. ಎಳೆ ತಪ್ಪಿದಲ್ಲೆಲ್ಲ ಸೂಜಿಯಿಂದ ಎಳೆ ತುಂಬಿದಳು. ಅಷ್ಟರಲ್ಲಿ ದರ್ಜಿ ನನ್ನೇಸಾಬ ಬಂದ.

“ಅಂಚು ಹಾವು ಹರದಂಗ ಐತಲ್ಲಪಾ! ಆಚಿ ಸರಿ, ನಾ ನೋಡ್ತೀನಿ.”

ಅವನು ಅಂಚನ್ನು ಜಗ್ಗಿ ನೇರ ಮಾಡಿ, ಗಂಜಿ ಹಾಕಿ, ಇಸ್ತ್ರಿ ತಿಕ್ಕಿದ. ಮಧ್ಯಾಹ್ನದ ಹೊತ್ತಿಗೆ ಸೀರೆ ಕೋಳಿಮೊಟ್ಟೆಯಂತೆ ನುಣ್ಣಗಾಯಿತು. ಅಂಬಪ್ಪನ ಹೆಂಡತಿ ಜೋಗಮ್ಮ ಉದುರಿದ ಗಂಟುಗಳನ್ನು ಗುಡಿಸಿ ಒಳಗೊಯ್ದಳು.

ಸಾಹೇಬರು ಬಂದವರೇ ಸೀರೆಯನ್ನು ಬಿಸಿಲಿಗೆ ಹಿಡಿದು ನೋಡಿದರು.

“ಇದರಾಗ ಗಂಟು ಎಲ್ಲಿ?”

“ಒಂದೂ ಇಲ್ರೀ ಸಾಹೇಬ್ರ!” ಅಂಬಪ್ಪ ಎದೆಯುಬ್ಬಿಸಿದ.

“ಎಳಿ ತಪ್ಪಿದ್ದು?”

“ಹುಡುಕಿದ್ರೂ ಸಿಗಂಗಿಲ್ರೀ!”

“ಹಂಗಾದ್ರ ಇದು ಗಿರಣಿ ಮಾಲು. ಕೈಲೆ ನೇದದ್ರಾಗ ಐಬು ಇದ್ದೇ ಇರತಾವ. ಚೀಟಿ ರದ್ದು.”

ಅಂಬಪ್ಪನ ಎದೆ ಚುಚ್ಚಿದ ತಿದಿಯಂತೆ ಇಳಿಯಿತು. “ಇಲ್ರೀ! ನಾ ಭಾಳ ಕೆಟ್ಟ ನೇಕಾರ ಅದೀನ್ರೀ! ಮುಂಜಾನೆ ಮೈತುಂಬ ಗಂಟಿದ್ದುವು, ಇವರೇ ತೆಗದ್ರು. ಕೇಳ್ರಿ ಬೇಕಾದ್ರ!”

ಪರವೂರಿನವರ ಮುಂದೆ ಓಣಿಯ ಮಾನ ಬಿಟ್ಟುಕೊಡುವವಳೇ ಮುದುಕಮ್ಮ? “ಅಂಜಿ ಏನೇನೋ ಅನ್ನಾಕತ್ತಾನ್ರೀ. ಹುಟ್ಟಿದಾಗಿಂದ ಇವನ ಕೈಯಾಗ ಒಂದು ಗಂಟು ಬಿದ್ದಿಲ್ಲ.”

“ನನ್ನ ಕತ್ತರಿ ಆಣೆ,” ಎಂದು ನನ್ನೇಸಾಬನೂ ದನಿಗೂಡಿಸಿದ, “ಇವನ ಅಂಚು ಎಂದೂ ಸೊಟ್ಟಾಗಿಲ್ಲ!”

ಸಾಹೇಬರಿಗೆ ಕೊಂಚ ಕನಿಕರ ಬಂತು. “ತೆಗದ ಗಂಟರೇ ತೋರ್ಸಪಾ. ನಂಬತೀನಿ.”

ಅಂಬಪ್ಪ ಒಳಗೋಡಿದ. “ಲೇ ಜೋಗಿ, ನನ್ನ ತಪ್ಪೆಲ್ಲಾ ಎಲ್ಲಿಟ್ಟೀಯೇ?”

ಜೋಗಮ್ಮ ಚಹಾ ಹಿಡಿದು ಎದುರಿಗೆ ಬಂದಳು. “ಕಟಿಗಿ ಹಸಿ ಅದಾವ್ರೀ, ಒಲಿ ಹತ್ತವಲ್ದಾಗಿತ್ತು. ಆ ಗಂಟೆಲ್ಲಾ ಒಲಿಗೆ ಹಾಕೇ ಸಾಹೇಬರಿಗೆ ಚಾ ಕಾಸೀನಿ.”

ಸಾಹೇಬರು ಕೊನೆಯ ಗುಟುಕಿನವರೆಗೂ ಕುಡಿದು, ಬಟ್ಟಲು ಕೆಳಗಿಟ್ಟರು.

“ಚಾದಾಗೂ ಐಬಿಲ್ಲ,” ಎಂದು ತಲೆದೂಗಿ, ಚೀಟಿಯನ್ನು ಎರಡು ತುಂಡು ಮಾಡಿದರು.