ಮೊದಲ ಟವಲು

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಒಂದು ಹಳೆಯ ಟವಲು.

ಗಂಗಾವತಿಯಲ್ಲಿ ಕಾಳಪ್ಪ ದುಡಿಯುತ್ತಿದ್ದ ಅಕ್ಕಿ ಗಿರಣಿಯ ಹಮಾಲರಲ್ಲಿ ಒಂದು ಕಟ್ಟಳೆಯಿತ್ತು. ಗೇಟಿಗೆ ಬಂದ ಲಾರಿಯ ಮೇಲೆ ಯಾರ ಟವಲು ಮೊದಲು ಬೀಳುತ್ತದೋ ಆ ಲಾರಿ ಅವನದು. ಚೀಲ ಏರಿಸುವುದಿರಲಿ, ಇಳಿಸುವುದಿರಲಿ, ಅವನು ಕರೆದವರಷ್ಟೇ ಕೈ ಹಚ್ಚಬೇಕು. ಈ ಕಟ್ಟಳೆಗೆ ಕಾಗದವಿರಲಿಲ್ಲ, ಮೊಹರಿರಲಿಲ್ಲ. ಆದರೂ ಇಪ್ಪತ್ತೆಂಟು ವರ್ಷಗಳಲ್ಲಿ ಅದನ್ನು ಮೀರಿದವನೊಬ್ಬನನ್ನೂ ಕಾಳಪ್ಪ ಕಂಡಿರಲಿಲ್ಲ.

ಲಾಕ್‌ಡೌನ್ ತೆರೆದಿತ್ತು, ಗಿರಣಿ ಮಾತ್ರ ತೆರೆದಿರಲಿಲ್ಲ. ಹೊಗೆಯಿಲ್ಲದ ಚಿಮಣಿ, ಹಾಡು ಮರೆತ ಮುದುಕನಂತೆ, ಆಕಾಶದತ್ತ ಬಾಯಿ ತೆರೆದು ನಿಂತಿತ್ತು. ಶ್ರಾವಣ ಕಳೆದ ಮೇಲೆ ಒಂದು ಸಂಜೆ ಹಮಾಲರ ಮುಕಾದಮ ಜಿಲಾನಿ ಎಲ್ಲರನ್ನೂ ಕೂಡಿಸಿ ಹೇಳಿದ:

“ದಿಲ್ಲಿ ಸರ್ಕಾರ ಇಪ್ಪತ್ತು ಲಕ್ಷ ಕೋಟಿ ಬಿಟ್ಟೈತಿ, ಬಂದ್ ಬಿದ್ದ ಧಂದೆ ಎಬ್ಬಸಾಕ. ಅದರಾಗ ನಮ್ಮ ಸಾವ್ಕಾರಗೂ ಸಾಲ ಸಿಕ್ಕೈತಿ. ನಾಳೆ ಲಾರಿ ಬರ್ತೈತಿ, ಗಿರಣಿ ಚಾಲೂ. ಆದ್ರ ಖರೇ ಹೇಳ್ತೀನಿ, ಹನ್ನೆರಡೂ ಮಂದಿಗೆ ಆಗೋವಷ್ಟು ಕೆಲಸ ಇಲ್ಲ. ಮೊದಲನೇ ಲಾರಿಗೆ ಯಾರ ಟವಲು ಬೀಳ್ತೈತಿ, ಅವನ ಹೆಸರು ಮೊದಲ ಬರೀತೀನಿ.”

ಹೇಳುವಾಗ ಅವನ ಕಣ್ಣು ಕಾಳಪ್ಪನ ಕುಂಟುವ ಎಡ ಮೊಣಕಾಲಿನ ಮೇಲೆ ಒಂದು ಗಳಿಗೆ ಕುಳಿತು ಎದ್ದಿತು. ಅರ್ಥವಾಗಲು ಕಾಳಪ್ಪನಿಗೆ ಆ ಗಳಿಗೆ ಸಾಕಾಯಿತು.

ಮರುದಿನ ಬೆಳಕು ಹರಿಯುವುದಕ್ಕೇ ಅವನು ಗೇಟಿನೆದುರಿನ ಹುಲಗಮ್ಮನ ಚಹಾದಂಗಡಿಯಲ್ಲಿದ್ದ. ನಿವೃತ್ತ ಶಾಲಾ ಮಾಸ್ತರ ವಿರುಪಾಕ್ಷಿ ಪತ್ರಿಕೆ ಹಿಡಿದು ಕುಳಿತಿದ್ದರು.

“ಇಪ್ಪತ್ತು ಲಕ್ಷ ಕೋಟಿ ಅಂದ್ರ ಎಷ್ಟು ಲೋಡ್ ಆಗಬಹುದ್ರಿ ಮಾಸ್ತರ?”

“ಎಲ್ಲಾ ಐನೂರರ ನೋಟು ಮಾಡಿದ್ರೂ ನಾಲ್ಕು ಸಾವಿರ ಲಾರಿ ಬೇಕೋ ಕಾಳಪ್ಪ! ಎರಡರ ಮುಂದ ಹದಿಮೂರು ಸೊನ್ನಿ!”

“ನಮ್ಮ ಓಣಿಗೆ ಸೊನ್ನಿ ಅಷ್ಟೂ ಮೊದ್ಲ ಬಂದಾವ್ರಿ,” ಎಂದಳು ಹುಲಗಮ್ಮ ಚಹಾ ಸೋಸುತ್ತ. “ಆ ‘ಎರಡು’ ಅಷ್ಟ ಇನ್ನೂ ಹಾದಿಯಾಗ ಐತಿ.”

ಅಷ್ಟರಲ್ಲಿ ತಾಡಪತ್ರಿ ಹೊದ್ದ ಲಾರಿಯೊಂದು ಗೇಟಿನ ಬಳಿ ನಿಧಾನಿಸಿತು. ಕಾಳಪ್ಪ ಚಹಾದ ಲೋಟ ಬಿಟ್ಟ, ಟವಲು ಬೀಸಿದ. ತಾಡಪತ್ರಿಯ ಮೇಲೆ ಅದು ಹೂವಿನಂತೆ ಕುಳಿತಿತು. ಆದರೆ ಲಾರಿ ನಿಧಾನಿಸಿದ್ದು ಅಡ್ಡ ಬಂದ ಎಮ್ಮೆಗಳಿಗಾಗಿ. ಎಮ್ಮೆಗಳು ದಾಟಿದವು, ಲಾರಿಯೂ ಹೊರಟಿತು. ಕಾಳಪ್ಪ ಒಂದೂವರೆ ಕಾಲಿನಲ್ಲಿ ಅದರ ಹಿಂದೆ ಓಡಿದ.

“ಕಾಕಾ, ನಿನ್ನ ಟವಲು ಕುಷ್ಟಗಿಗೆ ಹೊಂಟೈತಿ! ಟಿಕೀಟು ತಗಿಸೀಯೇನು?” ಎಂದು ಕೂಗಿದ ಹರೆಯದ ಹಮಾಲ ಹನುಮೇಶ. ಗೇಟಿನ ಮುಂದಿನ ನಗು ಕಾಳಪ್ಪನನ್ನು ಮನೆಯವರೆಗೂ ಅಟ್ಟಿಕೊಂಡು ಬಂದಿತು.

ಮನೆಯಲ್ಲಿದ್ದ ಇನ್ನೊಂದು ಟವಲು ಹರಿದು ಎಂದೋ ಮಸಿ ಅರಿವೆಯಾಗಿತ್ತು. ಹೆಂಡತಿ ದ್ರಾಕ್ಷಾಯಿಣಿ ಟ್ರಂಕಿನ ತಳದಿಂದ ಕೆಂಪಂಚಿನ ಶಲ್ಯವೊಂದನ್ನು ತೆಗೆದುಕೊಟ್ಟಳು. ಮದುವೆಯಲ್ಲಿ ಅವನ ಹೆಗಲ ಮೇಲೆ ಬಿದ್ದದ್ದು. ಅರಿಸಿನದ ಕಲೆ ಇನ್ನೂ ಮಾಸಿರಲಿಲ್ಲ.

ಪಕ್ಕದ ಮನೆಯ ಸರ್ದಾರಬೀ ಗೋಡೆಯ ಮೇಲಿಂದ ಇಣುಕಿದಳು. “ಇದನ್ನ ಹಾಕಾಂವ ಏನು ಕಾಳಪ್ಪಣ್ಣ? ಲಾರಿನ ಮದವಿ ಆಗಾಕ ಹೊಂಟೀಯೇನು?”

“ಆಗ್ಲಿ ಬಿಡಕ್ಕ,” ಎಂದಳು ದ್ರಾಕ್ಷಾಯಿಣಿ. “ಆಕೀನರ ಮನೀ ನಡಸ್ಲಿ.”

ಕಾಳಪ್ಪ ಗಿರಣಿಗೆ ಮರಳುವುದಕ್ಕೂ ನಿಜವಾದ ಲಾರಿ ಗೇಟಿನತ್ತ ತಿರುಗುವುದಕ್ಕೂ ಸರಿಹೋಯಿತು. ಟವಲುಗಳು ಬೆದರಿದ ಕೊಕ್ಕರೆಗಳಂತೆ ಎದ್ದವು. ಶಲ್ಯ ಅವೆಲ್ಲಕ್ಕಿಂತ ಉದ್ದ. ಗಾಳಿಯಲ್ಲಿ ಬಿಚ್ಚಿಕೊಂಡು ಮೊದಲು ಹೋಗಿ ಡ್ರೈವರನ ಗಾಜನ್ನೇ ಮುಚ್ಚಿತು. ಲಾರಿ ಕಿರುಚಿ ನಿಂತಿತು.

“ಯಾವನಲೇ ಅಂವ! ಸಾಯಾಕ ನನ್ನ ಲಾರೀನ ಸಿಕ್ತೇನು?”

“ಬೈಕೋ ಮಾರಾಯಾ,” ಎಂದ ಜಿಲಾನಿ. “ಲಾರಿ ಕಾಳಪ್ಪಂದು.”

ಕಾಳಪ್ಪ ಶಲ್ಯವನ್ನು ಹೆಗಲಿಗೆ ಹಾಕಿಕೊಂಡು, ತನ್ನನ್ನು ನೋಡಿ ನಕ್ಕ ಹನುಮೇಶನನ್ನೇ ಮೊದಲು ಕರೆದ. ಲಾರಿಯಲ್ಲಿದ್ದದ್ದು ಅಕ್ಕಿಯಲ್ಲ, ಭತ್ತವಲ್ಲ. ಉದ್ದುದ್ದ ಮರದ ಪೆಟ್ಟಿಗೆಗಳು.

“ಹುಷಾರ್ರೋ,” ಎಂದರು ಸಾವ್ಕಾರರು. “ಸರ್ಕಾರದ ಸಾಲದಾಗ ಬಂದದ್ದು. ಒಂದು ಗೀರು ಬೀಳಬಾರದು.”

ಒಂದೂ ಬೀಳಲಿಲ್ಲ. ಮೊಣಕಾಲು ಬೆಂಕಿಯಂತೆ ಉರಿಯುತ್ತಿದ್ದರೂ ಕಾಳಪ್ಪ ಆ ಪೆಟ್ಟಿಗೆಗಳನ್ನು, ಮಲಗಿದ ಕೂಸು ಇರುವ ತೊಟ್ಟಿಲುಗಳಂತೆ, ಒಂದೊಂದಾಗಿ ಒಳಗಿಳಿಸಿದ. ಜಿಲಾನಿ ಹಾಳೆ ತೆಗೆದು ಅವನ ಹೆಸರನ್ನು ಮೊದಲು ಬರೆದ. ಓದು ಬಾರದ ಕಾಳಪ್ಪ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದ.

ಊರಾಚೆಯಿಂದ ಬಂದ ಇಬ್ಬರು ಮಿಸ್ತ್ರಿಗಳು ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಗಳೊಳಗಿನದನ್ನು ಜೋಡಿಸಿ ನಿಲ್ಲಿಸಿದರು. ಏಣಿಯಂತಹ ಕಬ್ಬಿಣ, ಅದರ ಮೇಲೆ ಅಗಲವಾದ ಕರಿಯ ರಬ್ಬರ್ ಪಟ್ಟಿ. ಅದರ ತುದಿಯ ಕೆಳಗೆ ಖಾಲಿ ಲಾರಿಯೊಂದನ್ನು ತಂದು ನಿಲ್ಲಿಸಿದರು. ಕುಂಕುಮ ಹಚ್ಚಿದರು, ಕಾಯಿ ಒಡೆದರು. ಮನೆಗೆ ಬಂದ ಹಿರಿಯರಿಗೆ ಮಾಡುವಂತೆ ಕಾಳಪ್ಪನೂ ಮುಂದೆ ಬಂದು ತನ್ನ ಶಲ್ಯವನ್ನು ಆ ಪಟ್ಟಿಗೆ ಹೊದಿಸಿ ಕೈ ಮುಗಿದ.

“ನಮ್ಮ ಹೊಟ್ಟಿಗೆ ದಾರಿ ಮಾಡಪ್ಪ,” ಎಂದ.

ಸಾವ್ಕಾರರು ಗುಂಡಿ ಒತ್ತಿದರು.

ಪಟ್ಟಿ ಮಿಸುಕಿತು, ಹರಿಯಿತು. ಕೆಂಪಂಚಿನ ಶಲ್ಯ ತಾನಾಗಿ ಮೇಲೇರಿ ಖಾಲಿ ಲಾರಿಯೊಳಗೆ ಮೆಲ್ಲಗೆ ಬಿದ್ದಿತು. ಅದರ ಹಿಂದೆ ಮಿಸ್ತ್ರಿಗಳು ಪಟ್ಟಿಗೆ ದೂಡಿದ ಒಂದು ಚೀಲ, ಅದರ ಹಿಂದೆ ಇನ್ನೊಂದು; ಹೆಗಲಿಲ್ಲದೆ, ಬೆವರಿಲ್ಲದೆ, ಏದುಸಿರಿಲ್ಲದೆ.

ಹನುಮೇಶ ನಗಲಿಲ್ಲ. ಜಿಲಾನಿ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟ.

“ಕಾಳಪ್ಪ, ನಿನ್ನ ಶಲ್ಯ…” ಎಂದು ಯಾರೋ ಎಂದರು.

ಕಾಳಪ್ಪ ಅದನ್ನು ತರಲು ಹೋಗಲಿಲ್ಲ. ಲಾರಿಯ ಮೇಲೆ ಮೊದಲ ಬಟ್ಟೆ ಬಿದ್ದಾಗಿತ್ತು. ಹಾಕಿದ್ದು ಕಾಳಪ್ಪನ ಕೈಯಲ್ಲ, ಯಂತ್ರ ಎಂಬುದನ್ನು ಹನ್ನೆರಡು ಮಂದಿಯೂ ಕಂಡಿದ್ದರು. ಕಟ್ಟಳೆ ಕಟ್ಟಳೆಯೇ. ಅವನು ಎರಡು ಹೆಜ್ಜೆ ಹಿಂದೆ ಸರಿದು, ಬರಿ ಹೆಗಲನ್ನು ಒಮ್ಮೆ ಸವರಿಕೊಂಡು, ಯಂತ್ರವು ತನ್ನನ್ನು ಕರೆಯುತ್ತದೇನೋ ಎಂದು ಕಾದು ನಿಂತ.